ರಿಸರ್ಚ್ ಪೇಪರ್ ಬರಿಯೋವಾಗ ಎಐನ ಎಲ್ಲಿ ಬಳಸ್ಬೇಕು, ಎಲ್ಲಿ ದೂರ ಇಡ್ಬೇಕು

ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ ಕೊನೇಲಿ. ಅಲ್ಲಿಂದ ಇಲ್ಲಿವರೆಗೂ ಕಾಲೇಜುಗಳಲ್ಲಿ "ಎಐ ಬಳಸ್ಬೇಕಾ ಬೇಡ್ವಾ" ಅನ್ನೋ ಜಗಳ ನಡೀತಾನೇ ಇದೆ, ನನ್ ಪ್ರಕಾರ ಆ ಜಗಳದಿಂದ ಪೇಪರ್ ಬರೀಬೇಕಾಗಿರೋ ಸ್ಟೂಡೆಂಟ್‌ಗೆ ನಯಾಪೈಸೆ ಉಪಯೋಗ ಇಲ್ಲ. ನಿಮಗೆ ಬೇಕಾಗಿರೋ ಪರೀಕ್ಷೆ ತುಂಬಾ ಸಿಂಪಲ್ಲು: ಗೈಡ್ ನಿಮ್ ಪೇಪರ್‌ನ ಯಾವ್ದೋ ಒಂದ್ ಸಾಲಿನ ಮೇಲೆ ಬೆರಳಿಟ್ಟು "ಇದು ಎಲ್ಲಿಂದ ಬಂತು, ಯಾಕೆ ಹಿಂಗ್ ಬರ್ದೆ" ಅಂತ ಕೇಳಿದ್ರೆ ತಡವರಿಸ್ದೆ ಹೇಳೋಕಾಗುತ್ತಾ? ಆಗುತ್ತೆ ಅಂದ್ರೆ ಎಐ ಬಳಸಿದ್ರೂ ನೀವು ಸೇಫು, ಆಗಲ್ಲ ಅಂದ್ರೆ ಎಐ ಮುಟ್ಟದೇ ಇದ್ರೂ ತೊಂದ್ರೆನೇ. ಕೆಳಗೆ ಬರ್ದಿರೋದೆಲ್ಲಾ ಈ ಒಂದು ಪರೀಕ್ಷೆ ಪಾಸಾಗೋಕೆ ಏನೇನ್ ಮಾಡ್ಬೇಕು ಅಂತ ಅಷ್ಟೇ.

ಉದಾಹರಣೆಗೆ ಒಂದ್ ಟಾಪಿಕ್ ಇಟ್ಕೊಳ್ಳೋಣ: ಕಾಲೇಜ್ ಸ್ಟೂಡೆಂಟ್ಸ್ ರಾತ್ರಿ ಫೋನ್ ನೋಡೋದಕ್ಕೂ ಅವ್ರ ನಿದ್ದೆಗೂ ಏನ್ ಸಂಬಂಧ.

ಮೊದ್ಲು ರೂಲ್ಸ್ ಕೇಳ್ಕೊಳ್ಳಿ

ಒಂದೇ ಡಿಪಾರ್ಟ್‌ಮೆಂಟಲ್ಲಿ ಒಬ್ರು ಗ್ರಾಮರ್ ತಿದ್ದೋಕೆ ಮಾತ್ರ ಓಕೆ ಅಂತಾರೆ, ಇನ್ನೊಬ್ರು ಐಡಿಯಾ ಕೇಳೋಕೂ ಬಳಸ್ಕೊಳ್ಳಿ ಅಂತಾರೆ, ಮತ್ತೊಬ್ರ ಮುಂದೆ ಎಐ ಅಂತ ಹೆಸ್ರೆತ್ತಿದ್ರೇ ಉರ್ದು ಬೀಳ್ತಾರೆ. ಹಂಗಾಗಿ ಸೀನಿಯರ್ ಹೇಳಿದ್ರು, ಫ್ರೆಂಡ್ ಮಾಡಿದ್ದ ಅಂತ ಮುಂದಕ್ಕೆ ಹೋಗ್ಬೇಡಿ, ಕೋರ್ಸ್ ಹ್ಯಾಂಡ್‌ಔಟ್ ನೋಡಿ, ಅದ್ರಲ್ಲಿ ಇಲ್ಲ ಅಂದ್ರೆ ಮೇಲ್ ಹಾಕಿ ಕೇಳಿ. ಕೇಳೋವಾಗ "ಎಐ ಬಳಸ್ಬೋದಾ ಸರ್" ಅಂತ ಮೊಟಕಾಗಿ ಕೇಳಿದ್ರೆ ಬೇಡ ಅಂತಾನೇ ಉತ್ರ ಬರೋದು, ಯಾಕಂದ್ರೆ ಅವ್ರು ಅಂದ್ಕೊಳ್ಳೋದು ಇಡೀ ಪೇಪರ್ ಬರಿಸ್ಕೊಳ್ತೀಯ ಅಂತ. "ಲಿಟ್ರೇಚರ್ ಹುಡುಕೋಕೆ ಕೀವರ್ಡ್ಸ್ ಕೇಳ್ತೀನಿ, ಸ್ಟಾಟಿಸ್ಟಿಕ್ಸ್ ಸಾಫ್ಟ್‌ವೇರಲ್ಲಿ ಬರೋ ಎರರ್ ಅರ್ಥ ಮಾಡ್ಕೊಳ್ಳೋಕೆ ಕೇಳ್ತೀನಿ, ನಾನೇ ಬರ್ದಿರೋ ಡ್ರಾಫ್ಟಲ್ಲಿ ಗ್ರಾಮರ್ ತಿದ್ದಿಸ್ತೀನಿ, ಬೇರೆ ಯಾವ್ದಕ್ಕೂ ಬಳಸಲ್ಲ, ಇದು ಸರಿನಾ" ಅಂತ ಬಿಡಿಸಿ ಕೇಳಿ. ಬಂದ ಉತ್ರನ ಡಿಲೀಟ್ ಮಾಡ್ಬೇಡಿ, ಮುಂದೆ ಅದೇ ನಿಮ್ ಕೈ ಹಿಡಿಯೋದು.

ಎಲ್ಲಾ ಕಡೆ ಹೆಚ್ಚುಕಮ್ಮಿ ಒಪ್ಕೊಂಡಿರೋ ಒಂದೇ ರೂಲ್ ಅಂದ್ರೆ ಎಐನ ಲೇಖಕರ ಪಟ್ಟೀಲಿ ಸೇರಿಸೋ ಹಾಗಿಲ್ಲ ಅನ್ನೋದು. ಶುರುಶುರುವಲ್ಲಿ ಕೆಲವ್ರು ಚಾಟ್‌ಜಿಪಿಟಿನ ಕೋ-ಆಥರ್ ಅಂತ ಹಾಕಿಬಿಟ್ಟಿದ್ರು, ನೇಚರ್ ಜರ್ನಲ್ 2023ರ ಜನವರೀಲಿ ಇದು ನಡೆಯಲ್ಲ ಅಂತು, ಮುಂದಿನ ತಿಂಗಳು ಪ್ರಕಾಶನ ನೀತಿ ನೋಡ್ಕೊಳ್ಳೋ ಕೋಪ್ ಸಂಸ್ಥೆನೂ ಅದನ್ನೇ ಹೇಳ್ತು. ಕಾರಣನೂ ಸರಿಯಾಗೇ ಇದೆ: ನಾಳೆ ಪೇಪರಲ್ಲಿ ತಪ್ಪು ಸಿಕ್ರೆ ಹೊಣೆ ಹೊರೋದು ಯಾರು, ಸಾಫ್ಟ್‌ವೇರ್‌ನ ಕರ್ದು ವಿವರಣೆ ಕೇಳೋಕಾಗಲ್ವಲ್ಲ.

ಹುಟ್ಟೇ ಇಲ್ಲದ ರೆಫರೆನ್ಸ್‌ಗಳು

ಸ್ಟೂಡೆಂಟ್ಸ್ ಅತಿ ಹೆಚ್ಚು ಸಿಕ್ಕಾಕೊಳ್ಳೋ ಜಾಗ ಇದೇ ಅಂತ ನನಗನ್ಸುತ್ತೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಚಾಟ್‌ಜಿಪಿಟಿ ಥರದ ಟೂಲ್‌ಗಳನ್ನ ನಡೆಸೋ ಲ್ಯಾಂಗ್ವೇಜ್ ಮಾಡೆಲ್ ಒಳಗೆ ಲೈಬ್ರರಿ ಇಲ್ಲ, ಅದು ಕಲಿತಿರೋದು ಯಾವ್ ಪದ ಆದ್ಮೇಲೆ ಯಾವ್ ಪದ ಬರೋ ಸಾಧ್ಯತೆ ಜಾಸ್ತಿ ಅನ್ನೋದನ್ನ. ಸೈಟೇಷನ್ ಅನ್ನೋದಕ್ಕೆ ಒಂದ್ ಅಚ್ಚುಕಟ್ಟಾದ ಆಕಾರ ಇದೆ ನೋಡಿ, ಹೆಸ್ರು, ವರ್ಷ, ಟೈಟಲ್, ಜರ್ನಲ್, ವಾಲ್ಯೂಮ್, ಪೇಜ್ ನಂಬರ್, ಆ ಆಕಾರ ಅದಕ್ಕೆ ನೀರು ಕುಡ್ದಷ್ಟು ಸುಲಭ. ಒಳಗಿರೋದು ನಿಜಾನಾ ಅಂತ ಚೆಕ್ ಮಾಡೋ ವ್ಯವಸ್ಥೆ ಮಾಡೆಲ್ ಒಳಗೆ ಇರಲ್ಲ. ಆದ್ರಿಂದ ನಿದ್ದೆ ಬಗ್ಗೆ ನಿಜವಾಗ್ಲೂ ಕೆಲ್ಸ ಮಾಡಿರೋ ಸಂಶೋಧಕರ ಹೆಸ್ರು, ನಿಜವಾಗ್ಲೂ ಇರೋ ಜರ್ನಲ್ಲು, ಎರಡನ್ನೂ ಸೇರ್ಸಿ ಯಾರೂ ಬರೀದೇ ಇರೋ ಟೈಟಲ್ ಒಂದನ್ನ ಕೊಟ್ಬಿಡುತ್ತೆ, ನೋಡಿದ್ರೆ ಎಳ್ಳಷ್ಟೂ ಅನುಮಾನ ಬರಲ್ಲ.

2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟಲ್ಲಿ ಮಾಟಾ ವರ್ಸಸ್ ಏವಿಯಾಂಕಾ ಅಂತ ಒಂದ್ ಕೇಸ್ ನಡೀತು. ವಿಮಾನದ ಸರ್ವಿಸ್ ಕಾರ್ಟ್ ಬಡಿದು ಮಂಡಿಗೆ ಏಟಾಯ್ತು ಅನ್ನೋ ಮಾಮೂಲಿ ಕೇಸು, ಆದ್ರೆ ವಕೀಲ್ರು ಚಾಟ್‌ಜಿಪಿಟಿ ಕೊಟ್ಟ ಹಳೇ ತೀರ್ಪುಗಳನ್ನ ಹಂಗೇ ಬ್ರೀಫಲ್ಲಿ, ಅಂದ್ರೆ ಕೋರ್ಟಿಗೆ ಕೊಡೋ ಲಿಖಿತ ವಾದದಲ್ಲಿ, ಹಾಕಿದ್ರು, ಅಂಥಾ ತೀರ್ಪುಗಳು ಇರ್ಲೇ ಇಲ್ಲ. ಇದ್ರಲ್ಲಿ ಗಮನಿಸ್ಬೇಕಾದ್ದು ಏನಂದ್ರೆ, ವಕೀಲ್ರು "ಈ ಕೇಸ್ ನಿಜಾನಾ" ಅಂತ ಚಾಟ್‌ಜಿಪಿಟಿನೇ ವಾಪಸ್ ಕೇಳಿದ್ರು, ಅದು ನಿಜ ಅಂತ ಹೇಳ್ತು! ಕೊನೆಗೆ 5,000 ಡಾಲರ್ ದಂಡ. ಕಳ್ಳನ್ನೇ ಕರ್ದು ಕದ್ದಿದೀಯಾ ಅಂತ ಕೇಳಿದಂಗಾಯ್ತು. ಚೆಕ್ ಮಾಡೋದು ಯಾವಾಗ್ಲೂ ಹೊರಗಡೆಯಿಂದ ಆಗ್ಬೇಕು.

ಹೆಂಗೆ ಅಂದ್ರೆ, ಡಿಒಐ ನಂಬರ್ (ಪೇಪರಿನ ಕಾಯಂ ಗುರುತಿನ ನಂಬರ್) ಕೊಟ್ಟಿದ್ರೆ ಡಿಒಐ ಡಾಟ್ ಆರ್ಗ್‌ಗೆ ಹೋಗಿ ಪೇಸ್ಟ್ ಮಾಡಿ. ಓಪನ್ ಆಯ್ತು ಅಂತ ಖುಷಿಪಟ್ಟು ಬಿಟ್ಬಿಡ್ಬೇಡಿ, ಓಪನ್ ಆದ ಪೇಪರ್ ನಿಮ್ ಟೈಟಲ್‌ದೇನಾ ಅಂತ ನೋಡಿ, ಎಷ್ಟೋ ಸಲ ಡಿಒಐ ನಿಜ ಇರುತ್ತೆ ಆದ್ರೆ ಅದು ಯಾವ್ದೋ ಮೀನು ಸಾಕಾಣಿಕೆ ಪೇಪರ್ ಆಗಿರುತ್ತೆ. ಡಿಒಐ ಇಲ್ಲ ಅಂದ್ರೆ ಟೈಟಲ್‌ನ ಕೋಟ್ಸ್ ಒಳಗೆ ಹಾಕಿ ಗೂಗಲ್ ಸ್ಕಾಲರಲ್ಲಿ ಹುಡುಕಿ. ಇಲ್ಲೊಂದು ಮೋಸ ಇದೆ: ಸ್ಕಾಲರಲ್ಲಿ ಕೆಲವು ರಿಸಲ್ಟ್‌ಗಳ ಮುಂದೆ ಸೈಟೇಷನ್ ಅಂತ ಮಾತ್ರ ಇರುತ್ತೆ, ಕ್ಲಿಕ್ ಮಾಡೋಕೆ ಲಿಂಕೇ ಇರಲ್ಲ, ಅದರರ್ಥ ಬೇರೆ ಯಾರೋ ತಮ್ ಪೇಪರಲ್ಲಿ ಅದನ್ನ ಸೈಟ್ ಮಾಡಿದ್ದಾರೆ ಅಂತ ಅಷ್ಟೇ, ಅವ್ರೂ ನಿಮ್ ಥರಾನೇ ಎಐ ಹೇಳಿದ್ದನ್ನ ನಂಬ್ಕೊಂಡು ಹಾಕಿರ್ಬೋದು. ಅದು ಸಾಕ್ಷಿ ಅಲ್ಲ. ಜರ್ನಲ್‌ನ ಸೈಟಿಗೇ ಹೋಗಿ ಆ ವಾಲ್ಯೂಮ್ ತೆಗ್ದು, ಆ ಪೇಜಲ್ಲಿ ಏನಿದೆ ಅಂತ ನೋಡಿ.

ಈಗಿನ ಟೂಲ್‌ಗಳು ವೆಬ್ ಸರ್ಚ್ ಮಾಡಿ ಲಿಂಕ್ ಕೊಡ್ತವೆ, ಹಂಗಾಗಿ ಪೂರ್ತಿ ಸುಳ್ಳು ರೆಫರೆನ್ಸ್ ಬರೋದು ಕಮ್ಮಿ. ಆದ್ರೆ ಅದಕ್ಕಿಂತ ಸೂಕ್ಷ್ಮವಾದ ತೊಂದ್ರೆ ಇದೆ, ಪೇಪರ್ ನಿಜ, ಲಿಂಕ್ ನಿಜ, ಆದ್ರೆ ಅದ್ರಲ್ಲಿ ಇದೆ ಅಂತ ಎಐ ಹೇಳಿದ ಮಾತು ಅದ್ರಲ್ಲಿ ಇರೋದೇ ಇಲ್ಲ. ನಿದ್ದೆ ಸ್ಟಡೀಸಲ್ಲಿ ಪಿಟ್ಸ್‌ಬರ್ಗ್ ಸ್ಲೀಪ್ ಕ್ವಾಲಿಟಿ ಇಂಡೆಕ್ಸ್ ಅಂತ ಒಂದ್ ಪ್ರಶ್ನಾವಳಿ ಬಳಸ್ತಾರೆ, 1989ರಲ್ಲಿ ಬಂದಿದ್ದು, ಸ್ಕೋರು 0ಯಿಂದ 21ರವರೆಗೆ, 5ಕ್ಕಿಂತ ಜಾಸ್ತಿ ಬಂದ್ರೆ ನಿದ್ದೆ ಚೆನ್ನಾಗಿಲ್ಲ ಅಂತ ಅರ್ಥ. ಅಂದ್ರೆ ಸ್ಕೋರ್ ಏರಿದಷ್ಟೂ ನಿದ್ದೆ ಕೆಟ್ಟಿದೆ ಅಂತ. ಎಐ ಮಾಡೋ ಸಮ್ಮರೀಲಿ ಇದು ಉಲ್ಟಾ ಹೊಡೀಬೋದು, "ಹೈ ಸ್ಕೋರ್ ಅಂದ್ರೆ ಹೈ ಕ್ವಾಲಿಟಿ" ಅಂತ ಓದೋರ ಕಣ್ಣಿಗೂ ಅದು ಸಹಜವಾಗೇ ಕಾಣುತ್ತೆ, ನಿಮ್ ಇಡೀ ರಿಸಲ್ಟ್ ಸೆಕ್ಷನ್ ತಲೆಕೆಳಗಾಗುತ್ತೆ. ಆದ್ದರಿಂದ ನೀವು ಸೈಟ್ ಮಾಡೋ ಪ್ರತಿ ಪೇಪರ್‌ನೂ ಓಪನ್ ಮಾಡಿ, ನೀವು ಬಳಸ್ತಿರೋ ಮಾತು ಯಾವ್ ಪೇಜಲ್ಲಿ ಯಾವ್ ಪ್ಯಾರಾದಲ್ಲಿದೆ ಅಂತ ಕಣ್ಣಾರೆ ನೋಡಿ, ಆ ಪೇಜ್ ನಂಬರ್ ನಿಮ್ ನೋಟ್ಸಲ್ಲಿ ಬರ್ಕೊಳ್ಳಿ. ಓದ್ದೇ ಇರೋ ಪೇಪರ್ ಸೈಟ್ ಮಾಡ್ಬೇಡಿ, ಅಷ್ಟೇ ವಿಷ್ಯ. ಹಂಗೇ ಪೇಪರ್ ರಿಟ್ರ್ಯಾಕ್ಟ್ ಆಗಿದ್ಯಾ, ಅಂದ್ರೆ ಅಚ್ಚಾದ್ಮೇಲೆ ವಾಪಸ್ ತಗೊಂಡಿದ್ದಾರಾ ಅಂತಾನೂ ನೋಡಿ, ರಿಟ್ರ್ಯಾಕ್ಷನ್ ವಾಚ್ ಡೇಟಾಬೇಸ್‌ನ 2023ರಲ್ಲಿ ಡಿಒಐ ನೋಂದಣಿ ಮಾಡೋ ಕ್ರಾಸ್‌ರೆಫ್ ಸಂಸ್ಥೆ ಕೊಂಡ್ಕೊಂಡು ಎಲ್ರಿಗೂ ಫ್ರೀಯಾಗಿ ಬಿಟ್ಟಿದೆ.

ಓದೋ ಕೆಲ್ಸ ಕೊಡ್ಬೇಡಿ

ಪಿಡಿಎಫ್ ಅಪ್‌ಲೋಡ್ ಮಾಡಿ "ಹತ್ತು ಪಾಯಿಂಟಲ್ಲಿ ಹೇಳು" ಅನ್ನೋದು ಭಾರೀ ಆಕರ್ಷಣೆ, ಅದ್ರಲ್ಲೂ ಇಂಗ್ಲಿಷ್ ಓದೋದು ನಿಧಾನ ಆಗೋರಿಗೆ. ನಾನು ಹೇಳೋದು ಆರ್ಡರ್ ಬದಲಾಯಿಸಿ ಅಂತ. ಮೊದ್ಲು ಅಬ್‌ಸ್ಟ್ರ್ಯಾಕ್ಟ್ ಓದಿ, ಆಮೇಲೆ ಸೀದಾ ಮೆಥಡ್‌ಗೆ ಹೋಗಿ ಎಷ್ಟ್ ಜನ, ಯಾರು, ಹೆಂಗ್ ಅಳೆದ್ರು ಅಂತ ನೋಡಿ, ರಿಸಲ್ಟ್ಸ್ ಟೇಬಲ್ ನೋಡಿ, ಲಿಮಿಟೇಷನ್ಸ್ ಓದಿ, ಅರ್ಥ ಆದಷ್ಟನ್ನ ನಾಕೈದು ಸಾಲಲ್ಲಿ ಕನ್ನಡದಲ್ಲೋ ಕಂಗ್ಲಿಷಲ್ಲೋ ಬರ್ಕೊಳ್ಳಿ, ಅದಾದ್ಮೇಲೆ ಬೇಕಾದ್ರೆ ಎಐ ಸಮ್ಮರಿ ತಗೊಂಡು ಪಕ್ಕದಲ್ಲಿಟ್ಟು ಹೋಲಿಸಿ. ಎಲ್ಲಿ ವ್ಯತ್ಯಾಸ ಇದ್ಯೋ ಅಲ್ಲಿಗೆ ಪೇಪರಿಗೆ ವಾಪಸ್ ಹೋಗಿ ಯಾರ್ ಸರಿ ಅಂತ ನೋಡಿ.

ಹಿಂಗ್ ಮಾಡಿದ್ರೆ ಒಂದ್ ವಿಷ್ಯ ನಿಮಗೇ ಗೊತ್ತಾಗುತ್ತೆ, ಸಮ್ಮರಿ ಮೊದ್ಲು ನುಂಗೋದು ಅನುಮಾನದ ಮಾತುಗಳನ್ನ. ಮೂಲದಲ್ಲಿ "ಒಂದೇ ಸಲ ಸರ್ವೆ ಮಾಡಿದ್ದು, ಆದ್ರಿಂದ ಫೋನಿಂದ ನಿದ್ದೆ ಕೆಡುತ್ತೋ, ನಿದ್ದೆ ಬರ್ದೇ ಇರೋರು ಫೋನ್ ಹಿಡೀತಾರೋ ಹೇಳೋಕಾಗಲ್ಲ" ಅಂತ ಲೇಖಕರು ಎಚ್ಚರಿಕೆಯಿಂದ ಬರ್ದಿರ್ತಾರೆ, ಸಮ್ಮರೀಲಿ ಅದು "ಫೋನ್ ಬಳಕೆಯಿಂದ ನಿದ್ದೆ ಕೆಡುತ್ತದೆ" ಅಂತ ಗಟ್ಟಿ ಮಾತಾಗಿ ಬಂದು ಕೂತಿರುತ್ತೆ. ಈ ವ್ಯತ್ಯಾಸ ಹಿಡಿಯೋದೇ ರಿಸರ್ಚ್ ಕಲಿಯೋದು. ಇದನ್ನೂ ಮೆಷಿನ್‌ಗೆ ಬಿಟ್ರೆ ನೀವ್ ಕಲಿಯೋಕೆ ಉಳಿಯೋದೇನು, ಫಾಂಟ್ ಸೈಜಾ?

ಅರ್ಥ ಆಗ್ದೇ ಇರೋ ಪ್ಯಾರಾ ಒಂದಿದ್ರೆ ಅದನ್ನ ಹಾಕಿ "ಇದನ್ನ ಬಿಡಿಸಿ ಹೇಳು, ಲಾಜಿಸ್ಟಿಕ್ ರಿಗ್ರೆಷನ್ ಅಂದ್ರೇನು ಅಂತ ಉದಾಹರಣೆ ಕೊಟ್ಟು ಹೇಳು" ಅಂತ ಕೇಳೋದ್ರಲ್ಲಿ ಏನೂ ತಪ್ಪಿಲ್ಲ, ಮೇಷ್ಟ್ರಿಗೆ ಹತ್ತು ಸಲ ಕೇಳೋಕೆ ನಾಚಿಕೆ ಆಗೋ ಪ್ರಶ್ನೆಗಳಿಗೆ ಇದು ಚೆನ್ನಾಗಿದೆ.

ಏನು ಅಪ್‌ಲೋಡ್ ಮಾಡ್ತೀರಿ ಅನ್ನೋದ್ರ ಮೇಲೆ ಮಾತ್ರ ಕಣ್ಣಿರ್ಲಿ. ಸರ್ವೆಗೆ ಉತ್ರ ಕೊಟ್ಟೋರ ಹೆಸ್ರು, ಫೋನ್ ನಂಬರು, ಇಂಟರ್‌ವ್ಯೂ ರೆಕಾರ್ಡಿಂಗು, ಗೈಡ್ ಇನ್ನೂ ಪಬ್ಲಿಷ್ ಮಾಡ್ದೇ ಇರೋ ಡೇಟಾ, ಇವನ್ನ ಚಾಟ್ ಬಾಕ್ಸಿಗೆ ಹಾಕೋ ಹಾಗೇ ಇಲ್ಲ. ಸರ್ವೆ ಫಾರ್ಮಲ್ಲಿ "ನಿಮ್ಮ ಮಾಹಿತಿ ಗುಟ್ಟಾಗಿ ಇರುತ್ತೆ" ಅಂತ ಬರ್ದು ಸೈನ್ ಹಾಕಿಸ್ಕೊಂಡಿರ್ತೀರಲ್ಲ, ಆ ಮಾತು ಮುರೀತೀರಿ. ಬೇರೆಯವ್ರ ಅಪ್ರಕಟಿತ ಕೆಲ್ಸನ ದೊಡ್ಡೋರೂ ಹಿಂಗೇ ನೋಡ್ತಾರೆ, ಅಮೆರಿಕದಲ್ಲಿ ವೈದ್ಯಕೀಯ ಸಂಶೋಧನೆಗೆ ಹಣ ಕೊಡೋ ಎನ್‌ಐಎಚ್ 2023ರ ಜೂನಲ್ಲಿ ರಿವ್ಯೂ ಮಾಡೋರಿಗೆ ಆ ಹಣದ ಅರ್ಜಿಗಳನ್ನ ಎಐ ಟೂಲಿಗೆ ಹಾಕ್ಬೇಡಿ ಅಂತ ನಿಷೇಧ ಹಾಕಿದ್ದು ಇದೇ ಗೌಪ್ಯತೆ ಕಾರಣಕ್ಕೆ.

ನಿಜವಾಗ್ಲೂ ಕೆಲ್ಸಕ್ಕೆ ಬರೋ ಜಾಗಗಳು

ಟಾಪಿಕ್ ಸಣ್ಣದು ಮಾಡೋಕೆ. "ಫೋನ್ ಮತ್ತು ನಿದ್ದೆ" ಅನ್ನೋದು ಟಾಪಿಕ್ಕೇ ಅಲ್ಲ, ಸಮುದ್ರ. "ಇದ್ರಲ್ಲಿ ಒಂದು ಸೆಮಿಸ್ಟರಲ್ಲಿ, ಪ್ರಶ್ನಾವಳಿ ಮಾತ್ರ ಬಳಸಿ ಮಾಡೋ ಥರದ ಪ್ರಶ್ನೆಗಳನ್ನ ಕೊಡು, ಪ್ರತಿಯೊಂದಕ್ಕೂ ಏನ್ ಅಳೀಬೇಕು ಅಂತ ಹೇಳು" ಅಂತ ಕೇಳಿ, ಬಂದಿದ್ರಲ್ಲಿ ಮುಕ್ಕಾಲು ಪಾಲು ಸಪ್ಪೆ ಇರುತ್ತೆ, ಆದ್ರೆ ಸಪ್ಪೆ ಅಂತ ಯಾಕನ್ಸ್ತು ಅಂತ ಯೋಚ್ನೆ ಮಾಡ್ತಾ ಮಾಡ್ತಾ ನಿಮ್ ಪ್ರಶ್ನೆ ತಾನಾಗೇ ಗಟ್ಟಿಯಾಗುತ್ತೆ.

ಕೀವರ್ಡ್‌ಗೆ ಇದು ಬಂಗಾರ. ನೀವು ಫೋನ್ ಅಂತ ಹುಡುಕ್ತಿರ್ತೀರಿ, ಸಂಶೋಧಕರು ಸ್ಕ್ರೀನ್ ಟೈಮ್, ಪ್ರಾಬ್ಲಮ್ಯಾಟಿಕ್ ಸ್ಮಾರ್ಟ್‌ಫೋನ್ ಯೂಸ್, ಸ್ಲೀಪ್ ಲೇಟೆನ್ಸಿ, ಬೆಡ್‌ಟೈಮ್ ಪ್ರೊಕ್ರಾಸ್ಟಿನೇಷನ್ ಅಂತೆಲ್ಲಾ ಬರ್ದಿರ್ತಾರೆ. ಈ ಪದಗಳನ್ನ ಎಐ ಹತ್ರ ತಗೊಂಡು ಪೇಪರ್‌ಗಳನ್ನ ಮಾತ್ರ ಸ್ಕಾಲರಲ್ಲೋ ಪಬ್‌ಮೆಡ್‌ನಲ್ಲೋ ಲೈಬ್ರರಿ ಡೇಟಾಬೇಸಲ್ಲೋ ನೀವೇ ಹುಡುಕಿ. ಪದ ಸುಳ್ಳಾದ್ರೆ ರಿಸಲ್ಟ್ ಬರಲ್ಲ, ಅಷ್ಟೇ ತಾನೇ, ನಷ್ಟ ಏನಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಆಗೋ ಬಳಕೆ ಅಂದ್ರೆ ಜಗಳ ಆಡೋಕೆ ಕೂರಿಸೋದು. ಈ ಟೂಲ್‌ಗಳಿಗೆ ಒಂದ್ ಕೆಟ್ಟ ಚಾಳಿ ಇದೆ, ನೀವ್ ಏನ್ ಹೇಳಿದ್ರೂ "ಅದ್ಭುತವಾದ ಐಡಿಯಾ" ಅಂತ ಬೆನ್ನು ತಟ್ತವೆ, ಅದನ್ನ ನಂಬ್ಕೊಂಡ್ರೆ ಮುಗೀತು. ಹಂಗಾಗಿ ನೇರವಾಗಿ ಹೇಳ್ಬೇಕು: "ನೀನೊಬ್ಬ ಸಿಡುಕು ರಿವ್ಯೂವರ್, ನನ್ನ ಈ ವಾದದಲ್ಲಿ ದುರ್ಬಲವಾದ ಮೂರು ಜಾಗ ತೋರ್ಸು, ಹೊಗಳ್ಬೇಡ, ತಿದ್ದಿ ಕೊಡ್ಲೂ ಬೇಡ." ಆಗ "ಪರೀಕ್ಷೆ ಟೈಮಲ್ಲಿ ಸರ್ವೆ ಮಾಡಿದ್ರೆ ನಿದ್ದೆ ಕೆಟ್ಟಿರೋದು ಫೋನಿಂದಾನಾ ಪರೀಕ್ಷೆ ಟೆನ್ಷನಿಂದಾನಾ" ಅನ್ನೋ ಥರ ಪ್ರಶ್ನೆ ಬರುತ್ತೆ, ಅದಕ್ಕೆ ಉತ್ರ ಹುಡುಕೋದು ನಿಮ್ ಕೆಲ್ಸ. ತಿದ್ದಿ ಕೊಡ್ಬೇಡ ಅನ್ನೋದನ್ನ ಮಾತ್ರ ಮರೀಬೇಡಿ, ಇಲ್ಲಾಂದ್ರೆ ಪೂರ್ತಿ ಪ್ಯಾರಾ ಬರ್ದು ಮುಂದಿಟ್ಬಿಡುತ್ತೆ, ಕಣ್ಮುಂದೆ ಇದ್ರೆ ಕಾಪಿ ಮಾಡೋ ಆಸೆ ಬಂದೇ ಬರುತ್ತೆ.

ಸ್ಟಾಟಿಸ್ಟಿಕ್ಸ್ ಕೋಡ್ ಬರಿಸ್ಕೋಬೋದು, ಕೋರ್ಸಲ್ಲಿ ಅಲೋ ಇದ್ರೆ. ಆದ್ರೆ ಪ್ರತಿ ಸಾಲು ಏನ್ ಮಾಡುತ್ತೆ ಅಂತ ಗೊತ್ತಿರ್ಬೇಕು, ಮತ್ತೆ ಕೈಯಲ್ಲೇ ಲೆಕ್ಕ ಮಾಡ್ಬೋದಾದ ಒಂದ್ ಪುಟ್ಟ ಸ್ಯಾಂಪಲ್ ಮೇಲೆ ಓಡ್ಸಿ ಉತ್ರ ತಾಳೆ ಆಗುತ್ತಾ ನೋಡಿ. ಡೇಟಾನೇ ಹುಟ್ಟಿಸ್ಕೊಳ್ಳೋದು, ಇಂಟರ್‌ವ್ಯೂ ಮಾಡ್ದೇ ಮಾತುಗಳನ್ನ ಬರಿಸ್ಕೊಳ್ಳೋದು, ಇದ್ರ ಬಗ್ಗೆ ಚರ್ಚೆನೇ ಇಲ್ಲ, ಅದು ಫ್ರಾಡ್. ಚಿತ್ರಗಳೂ ಅಷ್ಟೇ, 2024ರ ಫೆಬ್ರವರೀಲಿ ಫ್ರಾಂಟಿಯರ್ಸ್‌ನ ಒಂದ್ ಜರ್ನಲಲ್ಲಿ ಮಿಡ್‌ಜರ್ನಿ ಅನ್ನೋ ಚಿತ್ರ ಬಿಡಿಸೋ ಎಐಯಿಂದ ಮಾಡಿದ ಇಲಿ ಚಿತ್ರ ಬಂದಿತ್ತು, ಅಂಗಾಂಗ ಅಸಂಬದ್ಧ, ಲೇಬಲ್‌ಗಳು ಅರ್ಥವೇ ಇಲ್ಲದ ಪದಗಳು, ಪ್ರಪಂಚ ಎಲ್ಲಾ ನಕ್ಕು ಪೇಪರ್ ವಾಪಸ್ ತಗೊಂಡ್ರು.

ಬರಿಯೋದು

ಮೊದಲ ಡ್ರಾಫ್ಟ್ ನೀವೇ ಬರೀರಿ, ಎಷ್ಟೇ ಕೆಟ್ಟದಾಗಿ ಬಂದ್ರೂ ಸರಿ. ಯಾಕೆ ಇಷ್ಟ್ ಒತ್ತಿ ಹೇಳ್ತಿದೀನಿ ಅಂದ್ರೆ, ಬರಿಯೋವಾಗ್ಲೇ ಎಲ್ಲಿ ನಿಮಗೆ ಅರ್ಥ ಆಗಿಲ್ಲ ಅಂತ ಗೊತ್ತಾಗೋದು, ವಾಕ್ಯ ಮುಂದಕ್ಕೆ ಹೋಗ್ತಿಲ್ಲ ಅಂದ್ರೆ ಅರ್ಧ ಸಲ ಭಾಷೆ ಸಮಸ್ಯೆ ಇರಲ್ಲ, ವಿಷ್ಯಾನೇ ತಲೇಲಿ ಕೂತಿರಲ್ಲ. ಎಐ ಆ ತೂತನ್ನ ನುಣುಪಾದ ವಾಕ್ಯ ಹಾಕಿ ಸಾರಿಸಿ ಗುಡಿಸಿ ಬಿಡುತ್ತೆ, ನಿಮಗೂ ಕಾಣಲ್ಲ, ವೈವಾ ದಿನ ಮಾತ್ರ ಸರಿಯಾಗಿ ಕಾಣುತ್ತೆ.

ಕನ್ನಡದಲ್ಲಿ ಯೋಚ್ನೆ ಮಾಡಿ ಇಂಗ್ಲಿಷಲ್ಲಿ ಬರೀಬೇಕಾದೋರ ಕಷ್ಟ ಬೇರೆ ಇದೆ. ಅಲೋ ಇದೆ ಅಂದ್ರೆ ಕನ್ನಡದಲ್ಲೇ ವಾದ ಪೂರ್ತಿ ಬರ್ದು ಅನುವಾದ ಮಾಡಿಸ್ಕೊಳ್ಳೋದು, ನನ್ ಲೆಕ್ಕದಲ್ಲಿ, ಎಐ ಹತ್ರ ಇಂಗ್ಲಿಷ್ ಪ್ಯಾರಾ ಬರಿಸ್ಕೊಳ್ಳೋದಕ್ಕಿಂತ ಎಷ್ಟೋ ಪ್ರಾಮಾಣಿಕ, ಯಾಕಂದ್ರೆ ಯೋಚ್ನೆ ನಿಮ್ದು. ಆದ್ರೂ ಅದನ್ನ ಹೇಳ್ಕೋಬೇಕು, ಮತ್ತೆ ಟೆಕ್ನಿಕಲ್ ಪದಗಳು ಬದಲಾಗಿದ್ಯಾ ಅಂತ ನೋಡ್ಬೇಕು. ಗ್ರಾಮರ್ ತಿದ್ದಿಸೋವಾಗ್ಲೂ "ತಪ್ಪುಗಳನ್ನ ಪಟ್ಟಿ ಮಾಡು, ಯಾಕೆ ತಪ್ಪು ಅಂತ ಹೇಳು, ವಾಕ್ಯ ಹೊಸದಾಗಿ ಬರೀಬೇಡ" ಅಂತ ಕೇಳಿ, ತಿದ್ದೋದು ನೀವೇ ಮಾಡಿ. ನಿಧಾನ ಆಗುತ್ತೆ, ಆದ್ರೆ ಮುಂದಿನ ಪೇಪರಿಗೆ ಅದೇ ತಪ್ಪು ಬರಲ್ಲ.

ಬೇರೆಯವ್ರ ಪ್ಯಾರಾ ತಗೊಂಡು ಪ್ಯಾರಾಫ್ರೇಸ್ ಟೂಲಿಗೆ ಹಾಕಿ ಪ್ಲೇಜರಿಸಂ ಪರ್ಸೆಂಟೇಜ್ ಇಳಿಸೋ ಆಟ ಆಡ್ಬೇಡಿ. ಪದ ಬದಲಾದ್ರೂ ಐಡಿಯಾ ಕದ್ದಿದ್ದೇ. ಜೊತೆಗೆ ಕೆಟ್ಟದಾಗಿ ಬಯಲಾಗುತ್ತೆ, 2021ರಲ್ಲಿ ಸಂಶೋಧಕರು ಇಂಥಾ ಟೂಲ್‌ಗಳು ತಿರುಚಿದ ಪದಗಳನ್ನ ಹುಡುಕ್ಕೊಂಡು ಹೋದ್ರೆ ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಅನ್ನೋದು "ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್" ಆಗಿತ್ತು, ಬ್ರೆಸ್ಟ್ ಕ್ಯಾನ್ಸರ್ ಹೋಗಿ "ಬೂಸಮ್ ಪೆರಿಲ್" ಆಗಿತ್ತು. ಅಚ್ಚಾದ ಪೇಪರ್‌ಗಳಲ್ಲಿ!

ಡಿಟೆಕ್ಟರ್ ಭಯ, ಮತ್ತೆ ಲೆಕ್ಕ ಇಡೋದು

ಬರಹ ಎಐದಾ ಮನುಷ್ಯರದಾ ಅಂತ ಹೇಳೋ ಎಐ ಡಿಟೆಕ್ಟರ್‌ಗಳನ್ನ ಪೂರ್ತಿ ನಂಬೋ ಹಾಗಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ತಾನೇ 2023ರ ಜನವರೀಲಿ ಒಂದು ಬಿಟ್ಟಿತ್ತು, ಅದು ಎಐ ಬರ್ದಿದ್ರಲ್ಲಿ ಶೇ 26ರಷ್ಟನ್ನ ಮಾತ್ರ ಸರಿಯಾಗಿ ಹಿಡೀತಿತ್ತು, ಮನುಷ್ಯರು ಬರ್ದಿದ್ರಲ್ಲಿ ಶೇ 9ನ್ನ ಎಐ ಅಂತಿತ್ತು, ಜುಲೈಲಿ ಮುಚ್ಚಿಬಿಟ್ರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನೋರು ಇಂಗ್ಲಿಷ್ ಮಾತೃಭಾಷೆ ಅಲ್ಲದೋರು ಬರ್ದ 91 ಟೋಫೆಲ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಪ್ರಬಂಧಗಳನ್ನ ಏಳು ಡಿಟೆಕ್ಟರ್‌ಗೆ ಹಾಕಿ ನೋಡಿದ್ರು, ಸರಾಸರಿ ಶೇ 61ರಷ್ಟನ್ನ ಎಐ ಬರ್ದಿದ್ದು ಅಂತ ತಪ್ಪಾಗಿ ಹೇಳಿದ್ವು. ಸರಳ ಪದ, ಸರಳ ವಾಕ್ಯ ಬರಿಯೋರ ಮೇಲೆ ಅನುಮಾನ ಜಾಸ್ತಿ, ಅಂದ್ರೆ ನಮ್ಮಂಥೋರ ಮೇಲೇ. ಇದಕ್ಕೆ ಹೆದ್ರಿ, ಬರಹನ ಮನುಷ್ಯರು ಬರ್ದಂಗೆ ಕಾಣೋ ಹಾಗೆ ತಿರುಚೋ "ಹ್ಯೂಮನೈಸರ್" ಟೂಲ್‌ಗಳಿಗೆ ಹೋಗೋದು ದಡ್ಡತನ, ನೀವೇ ಬರ್ದಿದ್ದನ್ನ ಕೆಡಿಸ್ಕೊಂಡು ಕಳ್ಳತನ ಮಾಡ್ದಂಗೆ ಕಾಣ್ತೀರಿ.

ರಕ್ಷಣೆ ಇರೋದು ದಾಖಲೆಯಲ್ಲಿ. ವರ್ಷನ್ ಹಿಸ್ಟರಿ ಇರೋ ಎಡಿಟರಲ್ಲೇ ಮೊದಲಿಂದ ಬರೀರಿ, ಗೂಗಲ್ ಡಾಕ್ಸ್ ಆದ್ರೂ ಸರಿ, ವರ್ಡ್ ಆನ್‌ಲೈನ್ ಆದ್ರೂ ಸರಿ, ಯಾವತ್ತು ಏನ್ ಬರೆದ್ರಿ ಅಂತ ಅದೇ ಹೇಳುತ್ತೆ. ಕೈಬರಹದ ನೋಟ್ಸ್ ಫೋಟೋ ತೆಗ್ದಿಡಿ. ಎಐ ಬಳಸಿದಾಗೆಲ್ಲಾ ಒಂದ್ ಶೀಟಲ್ಲಿ ತಾರೀಖು, ಟೂಲ್ ಹೆಸ್ರು ಮತ್ತೆ ವರ್ಷನ್ನು, ಏನ್ ಕೇಳಿದ್ರಿ, ಬಂದಿದ್ರಲ್ಲಿ ಏನ್ ಇಟ್ಕೊಂಡ್ರಿ ಏನ್ ಬಿಟ್ರಿ ಅಂತ ಒಂದೊಂದು ಸಾಲು. ಕೊನೇಲಿ ಕೂತು ನೆನಪಿಸ್ಕೊಂಡು ಬರಿಯೋಕೆ ಹೋದ್ರೆ ಆಗಲ್ಲ, ಅವತ್ತವತ್ತೇ ಬರೀಬೇಕು.

ಆ ಶೀಟ್ ಇದ್ರೆ ಪೇಪರಲ್ಲಿ ಹಾಕೋ ಡಿಸ್‌ಕ್ಲೋಷರ್, ಅಂದ್ರೆ ಎಐ ಎಲ್ಲಿ ಬಳಸಿದ್ರಿ ಅಂತ ಹೇಳ್ಕೊಳ್ಳೋ ಮಾತು, ಎರಡು ನಿಮಿಷದ ಕೆಲ್ಸ. "ಈ ಪೇಪರಿಗೆ ಎಐ ಸಹಾಯ ಪಡೆಯಲಾಗಿದೆ" ಅಂತ ಒಂದ್ ಸಾಲು ಬರ್ದು ತಿಪ್ಪೆ ಸಾರಿಸ್ಬೇಡಿ, ಅದ್ರಿಂದ ಓದೋರಿಗೆ ಏನೂ ತಿಳಿಯಲ್ಲ. ಹಿಂಗೆ ಬರೀರಿ: "ಹುಡುಕಾಟದ ಪದಗಳನ್ನು ಪಟ್ಟಿ ಮಾಡಲು ಹಾಗೂ ಮೂರನೇ ಭಾಗದ ಇಂಗ್ಲಿಷ್ ವ್ಯಾಕರಣದ ತಪ್ಪುಗಳನ್ನು ಗುರುತಿಸಲು ಇಂಥ ಟೂಲ್ ಬಳಸಿದ್ದೇನೆ. ಉಲ್ಲೇಖಿಸಿರುವ ಎಲ್ಲ ಲೇಖನಗಳನ್ನು ನಾನೇ ಓದಿದ್ದೇನೆ. ವಿಶ್ಲೇಷಣೆ ಮತ್ತು ಬರವಣಿಗೆ ನನ್ನದು." ಜಾಗ ಮೆಥಡ್ ಸೆಕ್ಷನ್ನೋ ಕೊನೇಲಿ ಬರೋ ಕೃತಜ್ಞತೆನೋ, ಗೈಡ್‌ನ ಕೇಳಿ. ಎಐ ಕೊಟ್ಟ ಮಾತನ್ನೇ ಕೋಟ್ ಮಾಡ್ಬೇಕಾಗಿ ಬಂದ್ರೆ ಸೈಟೇಷನ್ ಬರಿಯೋ ಸ್ಟೈಲ್ (ಎಪಿಎ, ಎಂಎಲ್‌ಎ ಅಂತೆಲ್ಲಾ ಇರೋ ಪದ್ಧತಿಗಳು) ಪ್ರಕಾರ ರೂಲ್ ಬೇರೆ ಬೇರೆ, ಎಪಿಎ ಪ್ರಕಾರ ಟೂಲ್ ಮಾಡಿದ ಕಂಪನಿ ಹೆಸ್ರು ಲೇಖಕರ ಜಾಗದಲ್ಲಿ ಬರುತ್ತೆ, ಎಂಎಲ್‌ಎ ಲೇಖಕರ ಜಾಗದಲ್ಲಿ ಎಐನ ಹಾಕ್ಬೇಡಿ, ನೀವ್ ಕೇಳಿದ ಪ್ರಶ್ನೆನೇ ಟೈಟಲ್ ಥರ ಹಾಕಿ ಅನ್ನುತ್ತೆ. ವಿಷ್ಯಕ್ಕೆ ಆಧಾರ ಅಂತ ಎಐನ ಸೈಟ್ ಮಾಡೋದು ಮಾತ್ರ ಬೇಡ, ನಿದ್ದೆಗೆ ಸಂಬಂಧಪಟ್ಟ ಹಾರ್ಮೋನ್ ಮೆಲಟೋನಿನ್ ಬಗ್ಗೆ ಹೇಳ್ಬೇಕಾದ್ರೆ ಮೆಲಟೋನಿನ್ ಪೇಪರ್ ಸೈಟ್ ಮಾಡಿ.

ಸಬ್‌ಮಿಟ್ ಮಾಡೋ ಹಿಂದಿನ ದಿನ ಪ್ರಿಂಟ್ ತೆಗ್ದು ಪೆನ್ ಹಿಡ್ಕೊಂಡು ಒಂದ್ಸಲ ಪೂರ್ತಿ ಓದಿ, 2024ರಲ್ಲಿ ಎಲ್ಸೆವಿಯರ್ ಅನ್ನೋ ಪ್ರಕಾಶನ ಕಂಪನಿಯ ಒಂದ್ ಜರ್ನಲಲ್ಲಿ "ಖಂಡಿತ, ನಿಮ್ಮ ವಿಷಯಕ್ಕೆ ಒಂದು ಪೀಠಿಕೆ ಇಲ್ಲಿದೆ" ಅನ್ನೋ ಚಾಟ್‌ಬಾಟ್ ಮಾತು ಹಂಗೇ ಪೀಠಿಕೆಯ ಮೊದಲ ಸಾಲಾಗಿ ಅಚ್ಚಾಗಿತ್ತು, ಲೇಖಕರು, ರಿವ್ಯೂವರ್, ಎಡಿಟರ್ ಯಾರೂ ನೋಡಿರ್ಲಿಲ್ಲ. ಓದ್ತಾ ಯಾವ್ ಸಾಲು "ಇದು ನಾನ್ ಬರ್ದಿದ್ದಾ" ಅನ್ಸುತ್ತೋ ಅದನ್ನ ನಿಮ್ ಮಾತಲ್ಲಿ ಮತ್ತೆ ಬರೀರಿ, ಬರಿಯೋಕೆ ಬರ್ಲಿಲ್ಲ ಅಂದ್ರೆ ತೆಗ್ದುಹಾಕಿ. ಆಮೇಲೆ ನೋಟ್ಸು, ಎಐ ಶೀಟು, ಗೈಡ್ ಮೇಲು, ಡೌನ್‌ಲೋಡ್ ಮಾಡಿದ ಪಿಡಿಎಫ್‌ಗಳು ಎಲ್ಲಾ ಒಂದೇ ಫೋಲ್ಡರಿಗೆ ಹಾಕಿ, ಮಾರ್ಕ್ಸ್ ಬಂದು ಫೈನಲ್ ಆಗೋವರೆಗೂ ಅದನ್ನ ಮುಟ್ಬೇಡಿ.